ಹೆಸರಿದ್ದವರ ತಂಡ

ಹೆಸರಿಗೆ ಐದು ಜನ. ಐವರಿಗೂ ಸೇರಿ ಹೆಸರು ಒಂದೇ. ಆ ತಂಡದ ಬಂಡವಾಳವೂ ಅದೇ, ಕಾನೂನೂ ಅದೇ, ಜಾಹೀರಾತೂ ಅದೇ. ಗಂಡಿಗೂ ಸಲ್ಲುವ, ಹೆಣ್ಣಿಗೂ ಒಪ್ಪುವ, ಕೂಗಿದರೆ ಬೀದಿಯ ಆ ತುದಿಗೂ ಮುಟ್ಟುವಂಥ ಹೆಸರು. ಪೋಸ್ಟರಿನಲ್ಲಿ ಅದನ್ನು ಆಳೆತ್ತರದ ಅಕ್ಷರಗಳಲ್ಲಿ ಒಂದೇ ಒಂದು ಸಲ ಬರೆಸಿ, ಕೆಳಗೆ ಸಣ್ಣದಾಗಿ ಹಾಡು, ಜಾದೂ, ಮಿಮಿಕ್ರಿ, ಮಾತಾಡುವ ಗೊಂಬೆ, ಕ್ಲಾರಿನೆಟ್ ಎಂದು ಹಾಕಿಸುತ್ತಿದ್ದರು. ಓದಿದವರು ಇಷ್ಟನ್ನೂ ಒಬ್ಬನೇ ಆಸಾಮಿ ಮಾಡುತ್ತಾನೆಂದು ತಿಳಿದು, ಆ ಪುಣ್ಯಾತ್ಮನ ಮುಖ ಹೇಗಿದೆಯೋ ನೋಡೇಬಿಡೋಣ ಎಂದು ಟಿಕೆಟ್ ತೆಗೆದುಕೊಳ್ಳುತ್ತಿದ್ದರು.

ಆಟ ಶುರುವಾಗುತ್ತಿದ್ದದ್ದೂ ಅಲ್ಲಿಂದಲೇ. ಪರದೆ ಸರಿದರೆ ವೇದಿಕೆ ಖಾಲಿ. ಸಭಾಂಗಣದ ನಿರೂಪಕ ಮೈಕಿನ ಮುಂದೆ ಬಂದು ಗಂಟಲು ಸರಿಮಾಡಿಕೊಂಡು ಆ ಹೆಸರನ್ನು ಕೂಗುತ್ತಿದ್ದ. ಕೂಗಿದ್ದೇ ತಡ, ಸಭಿಕರ ನಡುವೆ ಸಭಿಕರಂತೆಯೇ ಕೂತಿದ್ದ ಐವರು ಐದು ಮೂಲೆಗಳಿಂದ ಎದ್ದು ನಿಂತು, "ಏನು, ನನ್ನನ್ನಾ ಕರೆದಿದ್ದು?" ಎಂದು ಒಟ್ಟಿಗೇ ಕೇಳುತ್ತಿದ್ದರು. ಅಲ್ಲಿಗೆ ಜನ ಅರ್ಧ ಬಲೆಗೆ ಬಿದ್ದಹಾಗೆ. ಉಳಿದರ್ಧವನ್ನು ಬೀಳಿಸುವುದು ಹಾಡು, ಜಾದೂಗಳ ಕೆಲಸ.

ಇದನ್ನು ಯಾರೂ ತಲೆ ಕೆರೆದುಕೊಂಡು ಕಟ್ಟಿದ್ದಲ್ಲ. ಬಹಳ ಹಿಂದೆ ಒಬ್ಬ ಸಭಾಂಗಣದ ಮ್ಯಾನೇಜರು ತನ್ನ ಸಹಾಯಕನಿಗೆ ಆ ಹೆಸರು ಹೇಳಿ, "ಅವರನ್ನ ಕರೆಸಪ್ಪಾ" ಅಂದಿದ್ದ. 'ಯಾವ ಅವರು' ಎಂದು ಕೇಳುವ ಪೈಕಿಯಲ್ಲ ಆ ಸಹಾಯಕ. ಆ ಹೆಸರಿನ ಕಲಾವಿದರು ಸಿಕ್ಕಷ್ಟೂ ಜನಕ್ಕೆ ಫೋನ್ ತಿರುಗಿಸಿಬಿಟ್ಟ. ಸಂಜೆ ಐವರು ಬಂದು ಕೂತರು. ನಾನು ತಾನೆಂದು ಜಗಳವಾಡಿದರು. ಕರೆದಾಗ ಐವರೂ ಎದ್ದರು. ಜನ ಬಿದ್ದು ಬಿದ್ದು ನಕ್ಕರು. ಜನ ನಕ್ಕದ್ದನ್ನು ಇನ್ನೊಮ್ಮೆ ಮಾಡದೆ ಬಿಡುವಷ್ಟು ದಡ್ಡರು ಅವರಲ್ಲಿ ಯಾರೂ ಇರಲಿಲ್ಲ.

ಹೀಗೆ ಸುಖವಾಗಿ ನಡೆದಿದ್ದ ತಂಡಕ್ಕೆ ಹಲ್ಲಿನಿಂದ ಪೆಟ್ಟು ಬಿತ್ತು. ಕ್ಲಾರಿನೆಟ್ ತಾತನ ಮುಂದಿನ ಹಲ್ಲುಗಳು ಒಂದರ ಹಿಂದೊಂದು ರಾಜೀನಾಮೆ ಕೊಟ್ಟವು. ಹಲ್ಲಿಲ್ಲದ ಬಾಯಲ್ಲಿ ಬೈಯಬಹುದು, ಹರಸಬಹುದು, ಬೇಕಾದರೆ ಹಾಡಲೂಬಹುದು, ಕ್ಲಾರಿನೆಟ್ ಊದಲಾಗದು. ತಾತ ವಾದ್ಯವನ್ನು ಒರೆಸಿ ಪೆಟ್ಟಿಗೆಗೆ ಹಾಕಿ ಮಗಳ ಮನೆ ಸೇರಿದ. ತಂಡ ಆ ಹೆಸರಿನ ಇನ್ನೊಬ್ಬ ಊದುವವರನ್ನು ಹುಡುಕಲು ಹೊರಟಿತು.

ಇನ್ನು ನಮ್ಮ ಹುಡುಗಿಯ ವಿಚಾರ. ಹುಡುಗಿ ಎಂದರೂ ಮೂವತ್ತು ದಾಟಿದವಳು. ಟೈಲರ್ ಅಮ್ಮನ ಒಬ್ಬಳೇ ಮಗಳು. ಒಂದು ಹೋಟೆಲಿನ ಮುಂಗೋಣೆಯಲ್ಲಿ ಸಂಜೆ ಸಂಜೆ ಕ್ಲಾರಿನೆಟ್ ನುಡಿಸುತ್ತಿದ್ದಳು. ಅಲ್ಲಿಗೆ ಹೊಸ ಮಾಲೀಕ ಬಂದು, ಅವಳು ನಿಲ್ಲುತ್ತಿದ್ದ ಜಾಗದಲ್ಲಿ ದೊಡ್ಡ ಗಾಜಿನ ತೊಟ್ಟಿ ಇಡಿಸಿ ಬಣ್ಣದ ಮೀನು ಬಿಟ್ಟ. ಮೀನುಗಳು ರಜೆ ಕೇಳುವುದಿಲ್ಲ, ಊದುವ ಕೆಲಸವನ್ನೂ ಗುಳ್ಳೆ ಗುಳ್ಳೆಯಾಗಿ ತಾವೇ ಮಾಡಿಕೊಳ್ಳುತ್ತವೆ. ಅಂದಿನಿಂದ ಅವಳು ಮನೆಯಲ್ಲೇ ಊದುತ್ತಿದ್ದಳು. ಅಕ್ಕಪಕ್ಕದವರು ಕಿಟಕಿ ಹಾಕಿಕೊಳ್ಳುತ್ತಿದ್ದರು. ಕೇಳುವವರಿಲ್ಲದೆ ಊದಿದ ಉಸಿರು ಸುಮ್ಮನೆ ನಿಟ್ಟುಸಿರಾಗುತ್ತದೆ ಎನ್ನುವುದು ಅವಳಿಗೆ ಆಗಲೇ ಗೊತ್ತಾದದ್ದು.

ತಂಡದ ಸುದ್ದಿ ಕೊಟ್ಟವನು ವಾದ್ಯ ರಿಪೇರಿಯವನು. ಅವಳ ಕ್ಲಾರಿನೆಟ್ಟಿನ ಸಡಿಲವಾದ ಕೀಲಿಯೊಂದನ್ನು ಬಿಗಿ ಮಾಡುತ್ತಾ, "ನಿನಗೇ ಹೇಳಿ ಮಾಡಿಸಿದ ಜಾಗ ಕಣಮ್ಮಾ. ಹೆಸರೊಂದು ಹೊಂದಿದ್ದಿದ್ರೆ!" ಎಂದು ಲೊಚಗುಟ್ಟಿದ. ಅವಳೂ ಲೊಚಗುಟ್ಟಿ ಮನೆಗೆ ಹೊರಟಳು. ಕಾಲುಗಳು ಮಾತ್ರ ಮನೆಗೆ ಹೋಗಲಿಲ್ಲ.

ತಂಡದ ತಾಲೀಮು ಕೋಣೆ ಒಂದು ಕುರ್ಚಿ ರಿಪೇರಿ ಅಂಗಡಿಯ ಮೇಲಿತ್ತು. ಮೆಟ್ಟಿಲು ಹತ್ತುವಾಗಲೇ ಮೂಗಿಗೆ ವಾರ್ನಿಷ್ ವಾಸನೆ, ಕಿವಿಗೆ ಹಾರ್ಮೋನಿಯಂ. ಒಳಗೆ ಯಜಮಾನರು ಕಣ್ಣು ಮುಚ್ಚಿ ಕೂತಿದ್ದರು. ತಂಡದ ಹಿರಿಯ ಹಾಡುಗಾರರು ಅವರೇ, ನಿಯಮದ ಕಾವಲುಗಾರರೂ ಅವರೇ. ಅವಳು ನುಡಿಸುವಾಗಲೂ ಕಣ್ಣು ತೆರೆಯಲಿಲ್ಲ. ಮುಗಿದ ಮೇಲೆ ಒಂದು ಕಣ್ಣು ತೆರೆದರು.

"ಹೆಸರು?"

ನಿಜ ಹೇಳಲೆಂದೇ ಅವಳು ಬಾಯಿ ತೆರೆದದ್ದು. ಬಾಯಿಗೆ ಬಂದದ್ದು ಪೋಸ್ಟರಿನ ಹೆಸರು.

ಯಜಮಾನರ ಇನ್ನೊಂದು ಕಣ್ಣೂ ತೆರೆಯಿತು, ಎರಡರಲ್ಲೂ ನೀರು. "ಎಷ್ಟು ಜನರನ್ನ ನೋಡ್ದೆ ತಾಯೀ! ಹೆಸರಿದ್ದೋರಿಗೆ ಉಸಿರಿರ್ಲಿಲ್ಲ, ಉಸಿರಿದ್ದೋರಿಗೆ ಹೆಸರಿರ್ಲಿಲ್ಲ. ಎರಡೂ ಇರೋಳು ನೀನೊಬ್ಳೇ ಸಿಕ್ಕಿದ್ದು!" ಎಂದವರು, ಅದೇ ಉಸಿರಿನಲ್ಲಿ, "ಇನ್ಮೇಲೆ ನೀನು ಪೀಪಿ. ಇಲ್ಲಿ ಆ ಹೆಸರು ಹಿಡಿದು ಕರೆದ್ರೆ ಯಾರನ್ನ ಕರೆದಿದ್ದು ಅಂತ ಯಾರಿಗೂ ಗೊತ್ತಾಗಲ್ಲ" ಅಂದರು. ಹೆಸರು ನೋಡಿ ಸೇರಿಸಿಕೊಂಡವರು ಸೇರಿಸಿಕೊಂಡ ಮರುಗಳಿಗೆಯಲ್ಲೇ ಅದನ್ನು ಕಿತ್ತುಕೊಂಡಿದ್ದರು. ಅಲ್ಲಿ ಎಲ್ಲರ ಕಥೆಯೂ ಅದೇ. ಮಾಂತ್ರಿಕನ ಹೆಸರು ಜಾದೂ, ಅನುಕರಣೆಯವನ ಹೆಸರು ಮಿಮಿಕ್ರಿ, ಗೊಂಬೆ ಆಡಿಸುವ ಹೆಂಗಸು ಗೊಂಬೆಯಕ್ಕ. ಗೊಂಬೆಗೂ ಪೋಸ್ಟರಿನ ಹೆಸರೇ ಇಟ್ಟಿದ್ದರಿಂದ ಅದೂ ತಾನು ತಂಡದ ಪೂರ್ಣ ಸದಸ್ಯ ಎಂದು ವಾದಿಸುತ್ತಿತ್ತು.

ಮನೆಗೆ ಬಂದ ಪೀಪಿ ಅಮ್ಮನ ಮುಂದೆ ಎಲ್ಲವನ್ನೂ ಒಪ್ಪಿಸಿದಳು. ಅಮ್ಮ ತುಟಿಗಳ ನಡುವೆ ಗುಂಡುಸೂಜಿಗಳನ್ನು ಕಚ್ಚಿಕೊಂಡು ಯಾರದೋ ಅಂಗಿಯ ತೋಳಿಗೆ ಜೀವ ತುಂಬುತ್ತಿದ್ದಳು. ಕೇಳಿಸಿಕೊಂಡು ಸೂಜಿಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದಳು. ಬೈಗುಳಕ್ಕೆ ದಾರಿ ಮಾಡಿಕೊಳ್ಳುವ ಕ್ರಮ ಅದು.

"ಸಂತೋಷ. ಈಗ ನನ್ನಿಂದೇನಾಗ್ಬೇಕು?"

"ನಾನು ಆ ಕಡೆ ತಿರುಗಿ ಕೂರ್ತೀನಿ. ನೀನು ಹಿಂದಿನಿಂದ ಆ ಹೆಸರು ಹಿಡಿದು ಕೂಗು. ನಾನು ತಟ್ಟಂತ ತಿರುಗ್ಬೇಕು. ಇಲ್ದಿದ್ರೆ ಸಿಕ್ಕಿಬೀಳ್ತೀನಿ."

"ಊರವರ ಮಗಳನ್ನ ನಾನ್ಯಾಕೆ ಕೂಗ್ಲಿ?"

"ಅಮ್ಮಾ, ಅಭ್ಯಾಸಕ್ಕೆ ಅಷ್ಟೆ!"

"ನಿನಗೊಂದು ಹೆಸರಿಡೋಕೆ ನಿಮ್ಮಜ್ಜಿ ಜೊತೆ ಎಂಥಾ ಯುದ್ಧ ಮಾಡಿದ್ದೆ ಗೊತ್ತಾ? ಅವರು ತಮ್ಮ ಹೆಸರೇ ಇಡ್ಬೇಕು ಅಂತ ಊಟ ಬಿಟ್ಟು ಕೂತ್ರು. ನಾನು ಮಾತು ಬಿಟ್ಟು ಕೂತೆ. ಕೊನೆಗೆ ಅವರಿಗೆ ಹಸಿವಾಯ್ತು, ನಾನು ಗೆದ್ದೆ. ಆ ಮನೇಲಿ ನಾನು ಗೆದ್ದಿದ್ದು ಅದೊಂದೇ ಕಣೇ. ಅದನ್ನ ತಗೊಂಡ್ಹೋಗಿ ಯಾವುದೋ ಮೆಟ್ಟಿಲ ಮೇಲೆ ಬಿಟ್ಟು ಬಂದಿದ್ದೀಯ."

ಪೀಪಿ ಮೀನಿನ ತೊಟ್ಟಿಯನ್ನು ನೆನಪು ಮಾಡಿಕೊಟ್ಟಳು. ಅಮ್ಮ ಮಿಷನ್ನಿನ ಚಕ್ರ ತಿರುಗಿಸಿ ಅರ್ಧ ತೋಳು ಹೊಲಿದಳು. ಕೊನೆಗೆ ಕೂಗಿದಳು, ಮಗಳ ಕಡೆಗಲ್ಲ, ಮಿಷನ್ನಿನ ಕಡೆಗೆ. ಗ್ಯಾಸ್ ಸಿಲಿಂಡರಿನವನನ್ನು ಕರೆಯುವ ದನಿಯಲ್ಲಿ. ಪೀಪಿ ತಿರುಗಿದಳು. ಇನ್ನೊಮ್ಮೆ ಕೂಗಿದಳು. ತಿರುಗಿದಳು. ಅಡುಗೆಮನೆಯಿಂದ, ಬಚ್ಚಲಿನಿಂದ, ಬಾಯಲ್ಲಿ ಸೂಜಿ ಇಟ್ಟುಕೊಂಡು, ಹೀಗೆ ಎಲ್ಲೆಲ್ಲಿಂದಲೋ ಕೂಗಿದಳು. ಕೆಲವೇ ದಿನಗಳಲ್ಲಿ ಪೀಪಿಯ ಕತ್ತು ಎಷ್ಟು ಹದವಾಯಿತೆಂದರೆ, ಹೆಸರಿನ ಮೊದಲ ಅಕ್ಷರಕ್ಕೇ ಅರ್ಧ ತಿರುಗಿರುತ್ತಿತ್ತು.

"ಆಟ ನೋಡೋಕೆ ಬರ್ತೀಯ ತಾನೆ?" ಎಂದು ಕೇಳಿದಳು ಪೀಪಿ.

"ಯಾರ ಹೆಸರು ಕೂಗ್ತಾರೋ ಅವರಮ್ಮ ಬರ್ಲಿ" ಎಂದಳು ಅಮ್ಮ.

ತಾಲೀಮು ಕೋಣೆಯಲ್ಲಿ ಪೀಪಿಯ ಪರೀಕ್ಷೆ ದಿನವೂ ನಡೆಯುತ್ತಿತ್ತು. ಕೆಳಗಿನಿಂದ ಕಾಫಿಯವನು ಆ ಹೆಸರು ಹಿಡಿದು ಕೂಗುತ್ತಿದ್ದ. ಪೀಪಿ ಬಾಯಿಂದ ಕ್ಲಾರಿನೆಟ್ ತೆಗೆದು, "ಏನು?" ಎಂದು ಬಾಗಿಲ ಕಡೆ ತಿರುಗುತ್ತಿದ್ದಳು. ಜಾದೂ ತಾನೇ ಮಾಯ ಮಾಡಿದ ಕರವಸ್ತ್ರವನ್ನು ಸೋಫಾದ ಕೆಳಗೆ ಹುಡುಕುತ್ತಿದ್ದವನು ಹುಡುಕುತ್ತಲೇ ಇರುತ್ತಿದ್ದ. ಯಜಮಾನರು ಮುಚ್ಚಿದ ಕಣ್ಣು ತೆರೆಯುತ್ತಿರಲಿಲ್ಲ. ಮಿಮಿಕ್ರಿ ಕಿಟಕಿಯ ಹತ್ತಿರ ನಿಂತು ಕೆಟ್ಟುಹೋದ ಲಿಫ್ಟಿನ ಸದ್ದನ್ನು ಅಭ್ಯಾಸ ಮಾಡುತ್ತಿರುತ್ತಿದ್ದ. ಗೊಂಬೆ ಮಾತ್ರ ಕಟಕಟನೆ ಕತ್ತು ತಿರುಗಿಸಿ, "ನಿಂಗಲ್ಲ, ನಂಗೆ" ಅನ್ನುತ್ತಿತ್ತು. ಫೋನು ಬಂದು ಯಾರೋ ಆ ಹೆಸರು ಹೇಳಿ ಕೇಳಿದರೆ, "ನಾನೇ!" ಎಂದು ಪೀಪಿ ಎಲ್ಲರಿಗಿಂತ ಮೊದಲು ಎದ್ದಿರುತ್ತಿದ್ದಳು. ಅದು ಜಾದೂನ ಹೆಂಡತಿಯದೋ ಯಜಮಾನರ ಹಲ್ಲಿನ ಡಾಕ್ಟರದೋ ಆಗಿರುತ್ತಿತ್ತು. ಪರವಾಗಿಲ್ಲ, ತಾನಂತೂ ಒಮ್ಮೆಯೂ ತಪ್ಪಲಿಲ್ಲ ಎಂದು ಅವಳು ಮನಸ್ಸಿನಲ್ಲೇ ಬೆನ್ನು ತಟ್ಟಿಕೊಳ್ಳುತ್ತಿದ್ದಳು.

ಮತ್ತೆ ನುಡಿಸುವುದಿತ್ತಲ್ಲ, ಅದರ ಸುಖವೇ ಬೇರೆ. ಯಜಮಾನರು ಒಂದು ಸಾಲು ಹಾಡಿ ಬಿಟ್ಟ ಜಾಗಕ್ಕೆ ಅವಳ ಕ್ಲಾರಿನೆಟ್ ಕಾಲಿಡುತ್ತಿತ್ತು; ಮಿಮಿಕ್ರಿ ಬಸ್ಸಾದರೆ ಅವಳು ಅದರ ಹಾರ್ನ್ ಆಗುತ್ತಿದ್ದಳು; ಗೊಂಬೆ ಅತ್ತರೆ ಅದರ ಬಿಕ್ಕಳಿಕೆ ಆಗುತ್ತಿದ್ದಳು. ಹೋಟೆಲಿನಲ್ಲಿ ಅವಳ ವಾದನದ ಮೇಲೆ ಜನ ಚಮಚ ಆಡಿಸುತ್ತಿದ್ದರು. ಇಲ್ಲಿ ಅವಳು ನಿಲ್ಲಿಸಿದರೆ ನಾಲ್ವರೂ ತಲೆಯೆತ್ತಿ ನೋಡುತ್ತಿದ್ದರು. ಈ ಕೋಣೆ ಕೈತಪ್ಪಿದರೆ ಉಳಿಯುವುದು ಮನೆಯ ಗೋಡೆ, ಪಕ್ಕದವರ ಮುಚ್ಚಿದ ಕಿಟಕಿ. ಅದನ್ನು ನೆನೆದಾಗಲೆಲ್ಲ ಅವಳು ಇನ್ನಷ್ಟು ಚುರುಕಾಗಿ ತಿರುಗುತ್ತಿದ್ದಳು.

ಒಂದು ಸಂಜೆ ಎಲ್ಲರೂ ಇಳಿದು ಹೋದ ಮೇಲೆ ಅವಳು ಕ್ಲಾರಿನೆಟ್ಟಿನ ಒಳಗಿನ ತೇವವನ್ನು ಬಟ್ಟೆ ಎಳೆದು ಒರೆಸುತ್ತಿದ್ದಳು. ಹಿಂದಿನಿಂದ ಯಜಮಾನರ ದನಿ ಕೇಳಿಸಿತು, ಅದೇ ಗಂಭೀರ ಮಂದ್ರದಲ್ಲಿ:

"ನಿನ್ನ ನಿಜವಾದ ಹೆಸರೇನು ತಾಯೀ?"

ಬಟ್ಟೆ ಕೊಳವೆಯ ಮಧ್ಯದಲ್ಲೇ ಸಿಕ್ಕಿಕೊಂಡಿತು. ಮೆಲ್ಲನೆ ತಿರುಗಿ ನೋಡಿದರೆ ಯಜಮಾನರಿಲ್ಲ. ಮಿಮಿಕ್ರಿ ಬಾಗಿಲ ಚೌಕಟ್ಟಿಗೆ ಒರಗಿ ಕಡಲೆಕಾಯಿ ಸುಲಿಯುತ್ತಿದ್ದ.

"ಥೂ! ಜೀವ ಹೋಯ್ತು ನಂಗೆ."

"ಹೋಗಿದ್ದು ಜೀವವೋ, ಹೆಸರೋ?"

ಅವಳು ಸುಳ್ಳಿನ ಮೇಲೊಂದು ಸುಳ್ಳು ಪೇರಿಸಲು ನೋಡಿದಳು. ಆಗದೆ, ಸಿಕ್ಕಿಕೊಂಡಿದ್ದ ಬಟ್ಟೆಯನ್ನು ಎಳೆದಳು. "ಹೇಗೆ ಗೊತ್ತಾಯ್ತು?" ಎಂದಷ್ಟೇ ಕೇಳಿದಳು.

"ನೀನು ತಿರುಗ್ತೀಯ."

"ತಿರುಗ್ದೆ ಇನ್ನೇನು? ಕರೆದ್ರೆ ತಿರುಗ್ಬೇಡ್ವಾ?"

"ಅದೇ ಮತ್ತೆ! ನಮ್ಮಲ್ಲಿ ಯಾರು ತಿರುಗ್ತಾರೆ ಹೇಳು? ಇಷ್ಟು ವರ್ಷ ಒಟ್ಟಿಗಿದ್ದೀವಿ. ಯಾರಾದ್ರೂ ಆ ಹೆಸರು ಕೂಗಿದ್ರೆ ಅದು ನಂದಲ್ಲ, ಇನ್ಯಾರದೋ ಅಂತ ಮೈಗೆ ಹತ್ತಿಬಿಟ್ಟಿದೆ. ಮನೇಲಿ ಹೆಂಡ್ತಿ ಕೂಗಿದ್ರೂ ನಾನು ಅಲ್ಲಾಡಲ್ಲ. ಆಮೇಲೆ ಚೊಂಬು ಹಾರಿ ಬಂದಾಗ, ಓಹೋ, ಇದು ನಂಗೇ ಅಂತ ಗೊತ್ತಾಗುತ್ತೆ. ಜಾದೂ ಬ್ಯಾಂಕಲ್ಲಿ ತನ್ನ ಸರದಿ ಬಂದ್ರೂ ಕೂತೇ ಇರ್ತಾನೆ, ಅವರು ಬಾಗಿಲು ಹಾಕ್ಕೊಂಡು ಹೋಗ್ತಾರೆ. ನೀನು ಹೊಸಬಳು ಅಂತ ಮೊದಮೊದಲು ಸುಮ್ಮನಿದ್ದೆ. ಆದ್ರೆ ಹುಟ್ಟಿದಾಗಿಂದ ಜೊತೇಲಿರೋ ಹೆಸರಿಗೆ ಯಾರೂ ಅಷ್ಟು ಮರ್ಯಾದೆ ಕೊಡಲ್ಲಮ್ಮಾ. ಕರೆದ್ರೆ ಒಂದ್ಗಳಿಗೆ ಸೋಮಾರಿತನ ಮಾಡ್ತಾರೆ. ನೀನು ಶಾಲೇಲಿ ಹಾಜರಿ ಕೂಗಿದ ಹಾಗೆ ಎದ್ದು ನಿಲ್ತೀಯ!"

ಪೀಪಿ ಕ್ಲಾರಿನೆಟ್ಟನ್ನು ಪೆಟ್ಟಿಗೆಗೆ ಹಾಕಿದಳು. ಅಮ್ಮನ ಗಂಟಲು ಕಟ್ಟುವವರೆಗೆ ಕೂಗಿಸಿ ಕಲಿತ ವಿದ್ಯೆಯೇ ಅವಳನ್ನು ಹಿಡಿದುಕೊಟ್ಟಿತ್ತು.

"ಎಲ್ರಿಗೂ ಗೊತ್ತಾ?"

"ಯಜಮಾನರೊಬ್ರನ್ನ ಬಿಟ್ಟು. ಅವರು ಹಾಡುವಾಗ ಕಣ್ಣು ಮುಚ್ತಾರೆ, ಹಾಡ್ದೆ ಇದ್ದಾಗ ಹಾಡೋ ಯೋಚನೇಲಿ ಮುಚ್ತಾರೆ. ನೀನು ಹೇಳ್ಬೇಡ, ನಾವೂ ಹೇಳಲ್ಲ. ನಮಗೆ ಬೇಕಿರೋದು ನಿನ್ನ ಪೀಪಿ. ಆಟದ ದಿನ ಕರೆದಾಗ ನಮ್ಮ ಜೊತೆ ಎದ್ದು ನಿಂತ್ರೆ ಮುಗೀತು. ಆದ್ರೆ ಅಲ್ಲೀವರೆಗೆ ದಯವಿಟ್ಟು ತಿರುಗೋದನ್ನ ಮರಿ."

ಅಂದಿನಿಂದ ಅವಳಿಗೆ ಉಲ್ಟಾ ತರಬೇತಿ. ಕಾಫಿಯವನು ಕೂಗಿದಾಗ ಮಿಮಿಕ್ರಿ ಮೆಲ್ಲನೆ, "ತಿರುಗ್ಬೇಡ, ತಿರುಗ್ಬೇಡ" ಎಂದು ಪಿಸುಗುಟ್ಟುತ್ತಿದ್ದ. ಪೀಪಿ ಹಲ್ಲು ಕಚ್ಚಿ ಕತ್ತು ಹಿಡಿದುಕೊಂಡು ಗೋಡೆ ನೋಡುತ್ತಿದ್ದಳು. ಕಾಫಿ ಆರುತ್ತಿತ್ತು. ಆರಿದ ಕಾಫಿ ಕುಡಿಯುವುದು ಆ ತಂಡದಲ್ಲಿ ನಿಜವಾದ ಸದಸ್ಯತ್ವದ ಗುರುತೆಂದು ಅವಳಿಗೆ ಈಗ ಅರ್ಥವಾಯಿತು.

ಆಟದ ದಿನ ಮಧ್ಯಾಹ್ನ ಎಲ್ಲರೂ ವ್ಯಾನಿನಲ್ಲಿ ಪಕ್ಕದ ಊರಿನ ಸಭಾಂಗಣಕ್ಕೆ ಹೊರಟರು. ಹಿಂದೆ ಕೂತರೆ ಪೀಪಿಗೆ ಹೊಟ್ಟೆ ತೊಳಸುತ್ತಿತ್ತು, ಹಾಗಾಗಿ ಡ್ರೈವರಿನ ಪಕ್ಕ ಕೂತಳು. ತಂಡದಷ್ಟೇ ಹಳಬ ಈ ಡ್ರೈವರ್. ಮಾತು ಕಡಿಮೆ. ಹಿಂದಿನ ಸೀಟಿನಲ್ಲಿ ಯಜಮಾನರು ಗಂಟಲು ಹದ ಮಾಡಿಕೊಳ್ಳಲು ಒಂದು ಹಾಡು ಎತ್ತಿಕೊಂಡರು. ಗೇರು ಬದಲಿಸುತ್ತಾ ಡ್ರೈವರ್ ಅದರ ಅಡಿಯಲ್ಲಿ ತನ್ನ ದನಿ ಸೇರಿಸಿದ, ತನಗಷ್ಟೇ ಕೇಳುವಂತೆ. ಪೀಪಿಯ ಕಿವಿ ನೆಟ್ಟಗಾಯಿತು. ಮೇಲೆ ಯಜಮಾನರ ದನಿ ಏದುಸಿರಿನಲ್ಲಿ ಹತ್ತುತ್ತಿದ್ದ ಕಡೆ ಇವನ ದನಿ ಕೈ ಬೀಸಿಕೊಂಡು ನಡೆದು ಹೋಗುತ್ತಿತ್ತು.

"ಅಯ್ಯೋ, ಎಷ್ಟು ಚೆನ್ನಾಗಿ ಹಾಡ್ತೀರಲ್ಲಾ! ಸ್ಟೇಜ್ ಮೇಲೆ ಯಾಕೆ ಹಾಡಲ್ಲ?"

"ಹಾಡೋಕೇ ಬಂದಿದ್ದು ನಾನು, ತಂಡ ಶುರುವಾದಾಗ. ಹೆಸರು ಕೇಳಿದ್ರು, ಹೇಳ್ದೆ. 'ಅಯ್ಯೋ ಪಾಪ' ಅಂದ್ರು. ಆಮೇಲೆ ಗಾಡಿ ಓಡಿಸೋಕೆ ಬರುತ್ತಾ ಅಂತ ಕೇಳಿದ್ರು."

ಪೀಪಿ ಕಿಟಕಿಯ ಗಾಜನ್ನು ಸುಮ್ಮನೆ ಇಳಿಸಿ ಏರಿಸಿದಳು. "ಸುಳ್ಳು ಹೇಳ್ಬಹುದಿತ್ತಲ್ಲ?"

ಡ್ರೈವರ್ ಒಂದು ಲಾರಿಯನ್ನು ಹಿಂದೆ ಹಾಕುವವರೆಗೂ ಯೋಚಿಸಿದ.

"ಹೇಳ್ಬಹುದಿತ್ತು" ಎಂದ. "ಹೊಳೀಲೇ ಇಲ್ಲ ನೋಡು."

ಅವನೇನು ಕುಟುಕಲು ಹೇಳಿದ್ದಲ್ಲ. ಲಾರಿಯ ನಂಬರು ಓದಿದ ಹಾಗೆ ಹೇಳಿ, ಮತ್ತೆ ಹಾಡಿನ ಅಡಿಗೆ ಸೇರಿಕೊಂಡ. ಪೀಪಿ ಸುಳ್ಳು ಹೇಳಿ ತಂಡದಲ್ಲಿ ಹಿಡಿದ ಜಾಗ ಸುಮ್ಮನೆ ಖಾಲಿ ಬಿದ್ದದ್ದಲ್ಲ. ಇಷ್ಟು ವರ್ಷ ಅದರ ಪಕ್ಕದಲ್ಲೇ, ಸ್ಟೇರಿಂಗ್ ಹಿಡಿದು, ಒಬ್ಬ ಕೂತಿದ್ದ.

"ಗಾಡಿ ನಿಲ್ಸಿ" ಅಂದಳು.

ವಾಂತಿಗೆಂದುಕೊಂಡು ಡ್ರೈವರ್ ಒಂದು ಪೆಟ್ರೋಲ್ ಬಂಕಿನ ಪಕ್ಕ ನಿಲ್ಲಿಸಿದ. ಪೀಪಿ ಇಳಿಯಲಿಲ್ಲ. ಹಿಂದಕ್ಕೆ ತಿರುಗಿ, ಸೀಟಿನ ಬೆನ್ನು ಹಿಡಿದುಕೊಂಡು, "ಯಜಮಾನರೇ, ನನಗೆ ಆ ಹೆಸರಿಲ್ಲ. ಸುಳ್ಳು ಹೇಳ್ದೆ" ಎಂದಳು. ಮಿಮಿಕ್ರಿ ಹಣೆ ಚಚ್ಚಿಕೊಂಡ.

ಯಜಮಾನರ ಎರಡೂ ಕಣ್ಣು ಒಟ್ಟಿಗೇ ತೆರೆದವು. ಅವಳನ್ನು ನೋಡಿದರು. ಆಮೇಲೆ ಬಾಗಿಲು ಸರಿಸಿ ಇಳಿದು, ಬಂಕಿನ ಗಿಡಗಳ ಸುತ್ತ ಕಟ್ಟಿದ್ದ ಮೋಟು ಗೋಡೆಯ ಮೇಲೆ ಹೋಗಿ ಕೂತರು. ಒಬ್ಬೊಬ್ಬರಾಗಿ ಎಲ್ಲರೂ ಇಳಿದು ಅವರ ಸುತ್ತ ನಿಂತರು.

"ನಮಗೆ ಮೊದಲೇ ಗೊತ್ತಿತ್ತು" ಎಂದ ಜಾದೂ. ಗುಟ್ಟು ಬಚ್ಚಿಡುವುದೇ ಕಸುಬಾದ ಮನುಷ್ಯ ಅತಿ ಕೆಟ್ಟ ಗಳಿಗೆಯಲ್ಲಿ ಅದನ್ನು ಬಿಚ್ಚಿಟ್ಟಿದ್ದ.

"ನಿಮಗೆಲ್ಲಾ?" ಎಂದರು ಯಜಮಾನರು.

"ನಂಗೂ" ಅಂದಿತು ಗೊಂಬೆ. ಗೊಂಬೆಯಕ್ಕ ಅದರ ಬಾಯಿ ಮುಚ್ಚಿದಳು.

ಯಜಮಾನರು ಕೈಯೆತ್ತಿ ಡ್ರೈವರಿನ ಕಡೆ ತೋರಿಸಿದರು. ಅವನು ವ್ಯಾನಿನ ಹತ್ತಿರವೇ ನಿಂತು ಮುಂದಿನ ಚಕ್ರವನ್ನು ಪಾದದಿಂದ ಒತ್ತಿ ನೋಡುತ್ತಿದ್ದ. "ನನಗೆ ಇವಳ ಮೇಲೆ ಸಿಟ್ಟಿಲ್ಲ. ಬೇಜಾರಿದೆ. ಆದ್ರೆ ಅವನಿಗೆ ನಾನೇನು ಹೇಳ್ಲಿ? ನಿಯಮ ಅಂತ ಹೇಳಿ ಅವನ ಕೈಗೆ ಗಾಡಿ ಕೀ ಕೊಟ್ಟೋನು ನಾನು. ಈಗ ನಮಗೆ ಅನುಕೂಲ ಆಯ್ತು ಅಂತ ನಿಯಮ ಮಡಚಿ ಜೇಬಲ್ಲಿ ಇಟ್ಕೊಂಡ್ರೆ, ನಾಳೆ ಅವನ ಮುಖ ಹ್ಯಾಗೆ ನೋಡ್ಲಿ?" ದನಿ ಎತ್ತರಿಸಿ, "ಏನಪ್ಪಾ, ನೀನೇ ಹೇಳು" ಎಂದರು.

ಡ್ರೈವರ್ ಹತ್ತಿರ ಬಂದ. "ನನಗೆ ಸಿಟ್ಟು ಬಂದಿದೆ" ಎಂದ.

ಪೀಪಿ ಕ್ಲಾರಿನೆಟ್ ಪೆಟ್ಟಿಗೆಯನ್ನು ಮಗುವಿನ ಹಾಗೆ ಅವುಚಿಕೊಂಡಳು.

"ಅವಳ ಮೇಲೆ ಸ್ವಲ್ಪ. ನನ್ನ ಮೇಲೆ ಜಾಸ್ತಿ. ಇಷ್ಟು ಸುಲಭ ಇತ್ತು ಅಂತ ಗೊತ್ತೇ ಇರ್ಲಿಲ್ವಲ್ಲ! ನಿಮ್ಮ ಮೇಲೂ ಇದೆ ಯಜಮಾನರೇ."

"ಎಷ್ಟಿದೆ?"

"ಸಭಾಂಗಣ ಮುಟ್ಟೋವರೆಗೆ ಆಗೋಷ್ಟಿದೆ." ಡ್ರೈವರ್ ಕೈಯ ಧೂಳು ಕೊಡವಿಕೊಂಡ. "ಆದ್ರೆ ಅವಳನ್ನ ಇಲ್ಲಿಳಿಸಿ ಹೋದ್ರೆ ನನಗೇನು ಸಿಕ್ಕುತ್ತೆ? ಪಕ್ಕದ ಸೀಟು ಖಾಲಿ ಸಿಕ್ಕುತ್ತೆ, ಅಷ್ಟೆ. ಹೇಳ್ದೆ ಇದ್ದಿದ್ರೆ ನಾನೂ ಕ್ಷಮಿಸ್ತಿರ್ಲಿಲ್ಲ. ಹೇಳಿದ್ಳಲ್ಲ. ಹೆಸರಿಲ್ಲದೋರನ್ನೂ ಸೇರಿಸ್ಕೊಳ್ಳೋದು ಅಂತಾದ್ರೆ ಯಾರಿಂದಾದ್ರೂ ಶುರುವಾಗ್ಬೇಕು. ಅವಳಿಂದಾಗ್ಲಿ."

"ಹಾಗಾದ್ರೆ ನೀನೂ ಹಾಡ್ತೀಯಾ?"

"ಅದನ್ನ ಇವತ್ತು ಕೇಳ್ಬೇಡಿ. ಸಿಟ್ಟಲ್ಲಿದ್ದೀನಿ ಅಂದ್ನಲ್ಲ. ಮುಂದಿನ ಆಟಕ್ಕೆ ಕೇಳಿ, ನೋಡೋಣ."

ಯಜಮಾನರು ಗೋಡೆಯಿಂದ ಎದ್ದು ಬಟ್ಟೆಗೆ ಹತ್ತಿದ ಸುಣ್ಣ ಒರೆಸಿಕೊಂಡರು. ಪೀಪಿಯ ಮುಂದೆ ಬಂದು ನಿಂತು, "ನಿನ್ನ ಹೆಸರು?" ಎಂದು ಮೊದಲ ದಿನದ ಹಾಗೆಯೇ ಕೇಳಿದರು. ಅವಳು ಹೇಳಿದಳು. ಅವರು ಅದನ್ನು ಒಮ್ಮೆ ಸಾಧಾರಣವಾಗಿ ಹೇಳಿ ನೋಡಿದರು. ಇನ್ನೊಮ್ಮೆ ಎಳೆದು, ಶ್ರುತಿಗೆ ಕೂರಿಸಿ ನೋಡಿದರು. "ಕೊನೇ ಅಕ್ಷರಕ್ಕೆ ಒಳ್ಳೇ ಉಸಿರು ನಿಲ್ಲುತ್ತೆ. ಯಾರಿಟ್ಟಿದ್ದು?"

"ನಮ್ಮಮ್ಮ. ಜಗಳ ಆಡಿ."

"ಇಟ್ಟುಕೋ ಮತ್ತೆ. ಆದ್ರೆ 'ಪೀಪಿ' ಬಿಡಲ್ಲ ನಾನು." ಸ್ವಲ್ಪ ದೂರ ನಡೆದು ತಿರುಗಿದರು. "ಇನ್ನೊಂದು ಮಾತು. ಆ ಹೆಸರು ಕೂಗಿದಾಗ ಅದಿಲ್ಲದೋಳು ಏಳೋ ಹಾಗಿಲ್ಲ. ಜನಕ್ಕೆ ಸುಳ್ಳು ಹೇಳ್ಕೊಂಡು ನನಗೆ ಹಾಡೋಕಾಗಲ್ಲ, ಶ್ರುತಿ ಬಿಟ್ಟುಹೋಗುತ್ತೆ."

"ಹಾಗಾದ್ರೆ ನಾನು ಎಲ್ಲಿ ಕೂರ್ಲಿ?"

ಯಜಮಾನರು ಕಣ್ಣು ಮುಚ್ಚಿಕೊಂಡರು. ವ್ಯಾನಿಗೆ ಪೆಟ್ರೋಲ್ ಹಾಕಿಸಿದ್ದಾಯಿತು, ಜಾದೂ ಚಕ್ಕುಲಿ ತಿಂದು ಮುಗಿಸಿದ್ದಾಯಿತು, ಅವರು ಕಣ್ಣು ತೆರೆಯಲಿಲ್ಲ. ವ್ಯಾನು ಹತ್ತುವಾಗ ತೆರೆದರು.

"ಕೂರೋದೇ ಬೇಡ. ಕರೆದಾಗ ಏಳಬಾರ್ದು ಅಂದ್ರೆ ಮೊದಲೇ ನಿಂತಿರ್ಬೇಕು."

ಸಭಾಂಗಣದ ಹಿಂದಿನ ಕೋಣೆಯಿಂದ ಪೀಪಿ ಅಮ್ಮನಿಗೆ ಫೋನ್ ಮಾಡಿದಳು. ನಡೆದದ್ದನ್ನೆಲ್ಲ ಅಮ್ಮ ಹೂಂ, ಹೂಂ ಎನ್ನುತ್ತಲೇ ಕೇಳಿದಳು. ಬಾಯಲ್ಲಿ ಸೂಜಿ ಇದ್ದಿರಲೂಬಹುದು. "ಬರ್ತೀಯಾ?" ಎಂದಳು ಪೀಪಿ.

"ಇವತ್ತಾಗಲ್ಲ. ಬೆಳಿಗ್ಗೆ ಕೊಡೋ ಅಂಗಿಗೆ ಇನ್ನೂ ಕತ್ತೇ ಇಟ್ಟಿಲ್ಲ. ಮುಂದಿನ ಸಲ ಬರ್ತೀನಿ. ಕರೆಯೋರಿಗೆ ಹೇಳಿರು, ನಾನಿಟ್ಟ ಹೆಸರನ್ನ ಅರ್ಧಂಬರ್ಧ ನುಂಗಿದ್ರೆ ನಾನು ಅಲ್ಲೇ ಎದ್ದು ಜಗಳ ಆಡ್ತೀನಿ ಅಂತ."

ಸಂಜೆ ಪರದೆ ಸರಿದಾಗ ವೇದಿಕೆ ಖಾಲಿಯಿರಲಿಲ್ಲ. ನಡುವೆ ಒಬ್ಬಳು ಹೆಂಗಸು ಕ್ಲಾರಿನೆಟ್ ಹಿಡಿದು ನಿಂತಿದ್ದಳು. ಯಾರಿಗೋ ಕಾಯುತ್ತಾ ಬೇಸರ ಕಳೆಯುವವಳಂತೆ ಮೆಲ್ಲಗೆ ಒಂದು ಧಾಟಿ ಊದುತ್ತಿದ್ದಳು. ಜನ ಅವಳನ್ನು ನೋಡಿದರು, ಪೋಸ್ಟರು ನೆನಪು ಮಾಡಿಕೊಂಡರು, ಓಹೋ ಇವಳೇ ಅವನು ಎಂದುಕೊಂಡರು. ಮುಂದಿನ ಸಾಲಿನ ಒಬ್ಬಾತ ಪಕ್ಕದವನಿಗೆ, "ಜಾದೂನೂ ಇವಳೇ ಮಾಡೋದಂತೆ" ಎಂದದ್ದು ಅವಳಿಗೆ ಕೇಳಿಸಿತು. ನಿರೂಪಕ ಮೈಕಿಗೆ ಬಂದು ಗಂಟಲು ಸರಿಮಾಡಿಕೊಂಡು ಆ ಹೆಸರನ್ನು ಕೂಗಿದ.

ಪೀಪಿ ಊದುತ್ತಲೇ ಇದ್ದಳು.

ಕತ್ತಲ ತಲೆಗಳ ನಡುವಿನಿಂದ ಮೊದಲು ಜಾದೂ ಎದ್ದ, ಎದ್ದ ರಭಸಕ್ಕೆ ತೋಳಿನೊಳಗಿಂದ ಎರಡು ಇಸ್ಪೀಟೆಲೆ ಉದುರಿದವು. ಎಡಗಡೆ ಬಾಲ್ಕನಿಯ ಕೆಳಗೆ ಗೊಂಬೆಯಕ್ಕ ಎದ್ದಳು. ಅವಳ ಭುಜದ ಮೇಲಿಂದ ಗೊಂಬೆ ಇನ್ನಷ್ಟು ಎತ್ತರಕ್ಕೆ ಎದ್ದಿತು. ಹಿಂದಿನ ಸಾಲಿನಿಂದ ಮಿಮಿಕ್ರಿ ಕೆಟ್ಟ ಲಿಫ್ಟಿನ ಸದ್ದು ಮಾಡುತ್ತಾ ತಡೆತಡೆದು ಮೇಲೆ ಬಂದ. ಕೊನೆಗೆ, ಸರಿಯಾಗಿ ಮಧ್ಯದಲ್ಲಿ, ಇಬ್ಬರು ದಪ್ಪ ಹೆಂಗಸರ ನಡುವೆ ಸಿಕ್ಕಿಕೊಂಡಿದ್ದ ಯಜಮಾನರು ಸಾವಕಾಶವಾಗಿ ಬಿಡಿಸಿಕೊಂಡು ಎದ್ದು ನಿಂತರು. "ಏನು, ನನ್ನನ್ನಾ ಕರೆದಿದ್ದು?" ಎಂದು ಎಲ್ಲರೂ ಒಂದೇ ದನಿಯಲ್ಲಿ ಕೇಳಿದರು.

ಇಷ್ಟು ವರ್ಷ ಇದನ್ನು ಮಾಡುತ್ತಾ ಬಂದವರಲ್ಲಿ ಇದು ಹೇಗೆ ಕಾಣುತ್ತದೆಂದು ನೋಡಿದವರು ಒಬ್ಬರೂ ಇರಲಿಲ್ಲ. ನೋಡಬೇಕೆಂದರೆ ಆ ಹೆಸರಿಲ್ಲದೆ ವೇದಿಕೆಯ ಮೇಲೆ ನಿಂತಿರಬೇಕಿತ್ತು. ಪೀಪಿ ನೋಡಿದಳು. ಅಲ್ಲಲ್ಲಿ ಎದ್ದು ನಿಂತ ನಾಲ್ಕು ದೊಡ್ಡ ಮುಖ, ಒಂದು ಮರದ ಮುಖ. ಎಲ್ಲವೂ ಗಂಭೀರವಾಗಿ, ಪೂರ್ತಿ ಪೆದ್ದಾಗಿ, ಅವಳ ಕಡೆಗೇ ತಿರುಗಿದ್ದವು. ಅವುಗಳ ಸುತ್ತ ಸಭೆ ಸಾಲು ಸಾಲಾಗಿ ಒಡೆದು ನಗತೊಡಗಿತು. ನಗು ಬಂದು ಅವಳಿಗೂ ಬಡಿಯಿತು. ನಗುತ್ತಾ ಊದಲಾಗುತ್ತದೆಯೇ? ಕ್ಲಾರಿನೆಟ್ ಬಾತುಕೋಳಿಯ ಹಾಗೆ ಕಿರುಚಿತು. ಸಭೆ ಇನ್ನೂ ಜೋರಾಗಿ ನಕ್ಕಿತು. ಸಭೆಯ ಮಧ್ಯದಿಂದ ಯಜಮಾನರು ಎರಡೂ ಕಣ್ಣು ಬಿಟ್ಟು ಅವಳನ್ನು ಗದರಿದಂತೆ ನೋಡಿ, ಬೆರಳೆತ್ತಿ ಶ್ರುತಿ ತೋರಿಸಿದರು.

ಅವಳು ತುಟಿ ಒರೆಸಿಕೊಂಡು, ಬಿಟ್ಟ ಸ್ವರವನ್ನು ಮತ್ತೆ ಹಿಡಿದಳು.